ರಜೆ ಬೇರೆ, ಬಿಡೋದು ಬೇರೆ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಅಣ್ಣನವರು ನನಗೆ "ವಿದ್ಯಾರ್ಥಿಗಳ ಸಮಸ್ಯೆಗಳು" ಎಂಬ ವಿಷಯದ ಮೇಲೆ ಮಾತಾಡಲು ಹೇಳಿದರು. ಸಮಸ್ಯೆಗಳು ಬಹಳ ಅದಾವ. ಹಾಸ್ಟೆಲ್ ಊಟ, ಬಸ್ಸು, ಸ್ಕಾಲರ್‌ಶಿಪ್, ಇವುಗಳ ಮೇಲೆ ಪ್ರತಿ ವರ್ಷ ಯಾರಾದರೂ ಮಾತಾಡ್ತಾರ. ಅದಕ್ಕೇ ನಾನು ಇವತ್ತು ಒಂದೇ ವಿಷಯ ತೊಗೊಂಡೀನಿ. ಓದೋ ಹುಡುಗ ಹುಡುಗಿಗೆ ದೊಡ್ಡ ಕಾಯಿಲೆ ಬಂದರೆ ಅವರ ಓದು ಏನಾಗುತ್ತದೆ? ಕಾಲೇಜಿಗೆ ರಜೆ ಹಾಕಿ, ವಾಸಿಯಾದ ಮೇಲೆ ಮತ್ತೆ ಅದೇ ಕಾಲೇಜಿಗೆ ಹೋಗಲು ಆಗುತ್ತದೆಯೇ? ಆಗುತ್ತದೆ. ನಾನು ಹೋಗಿದ್ದೀನಿ. ಹೇಗೆ ಅನ್ನುವುದನ್ನು ಹೇಳ್ತೀನಿ.

ನಮ್ಮ ಕೇರಿಗಳಲ್ಲಿ ಓದು ನಿಲ್ಲಿಸಿದವರನ್ನು ಲೆಕ್ಕ ಹಾಕಿ ನೋಡ್ರಿ. ಯಾಕೆ ಬಿಟ್ಟರು ಅಂತ ಕೇಳಿದರೆ ದುಡ್ಡಿಲ್ಲ, ಸುಗ್ಗಿಗೆ ಹೋದರು, ಮದುವೆ ಆಯಿತು ಅಂತಾರ. ಕೆದಕಿ ಕೇಳಿದರೆ ಎಷ್ಟೋ ಮಂದಿಯ ಕತೆಯಲ್ಲಿ ಮೊದಲು ಒಂದು ಕಾಯಿಲೆ ಇರುತ್ತದೆ. ಜ್ವರ ಬಂತು, ಮೈಯಲ್ಲಿ ರಕ್ತ ಕಡಿಮೆ ಆಯಿತು, ಎರಡು ತಿಂಗಳು ಮನೆಯಲ್ಲಿ ಉಳಿದರು, ಆಮೇಲೆ ಹೋಗಲೇ ಇಲ್ಲ. ಕಾಲೇಜಿನ ರಿಜಿಸ್ಟರಿನಲ್ಲಿ ಮಾತ್ರ ಕಾಯಿಲೆ ಅಂತ ಬರೆದಿರೋದಿಲ್ಲ. "ಗೈರುಹಾಜರು" ಅಂತ ಇರುತ್ತದೆ. ಒಂದಿನ ಆ ಹೆಸರಿನ ಮೇಲೆ ಗೀಟು ಬೀಳುತ್ತದೆ.

ನನ್ನ ವಿಷಯಕ್ಕೆ ಬರ್ತೀನಿ. ನಮ್ಮೂರು ಕೌತಾಳಂ ಮಂಡಲದಲ್ಲಿದೆ. ಅಪ್ಪ ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಅವ್ವ ಕೂಲಿಗೆ ಹೋಗ್ತಾಳ, ಸುಗ್ಗಿ ಕಾಲದಲ್ಲಿ ಗುಂಟೂರು ಕಡೆ ಮೆಣಸಿನಕಾಯಿ ಕೊಯ್ಯಲು ಹೋಗ್ತಾಳ. ಇಲ್ಲಿ ಕುಂತವರಲ್ಲಿ ಅರ್ಧ ಮಂದಿಗೆ ಗುಂಟೂರು ಮೆಣಸಿನಕಾಯಿ ಗೊತ್ತೇ ಐತಿ, ಬಿಡಿಸಿ ಹೇಳಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಮನೆ ಮಾತು ಕನ್ನಡವೇ ಉಳಿಯಿತು. ಹೀಗಾಗಿ ನಾನು ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ, ಇಂಟರ್ ತೆಲುಗು ಮೀಡಿಯಂ, ಈಗ ಬಿ.ಎ. ಇಂಗ್ಲಿಷ್ ಮೀಡಿಯಂ. ಈ ಮೂರು ಭಾಷೆ ಕಾಯಿಲೆ ಬಂದಾಗ ಹೇಗೆ ಅಡ್ಡ ಬಂದವು ಅನ್ನುವುದನ್ನೂ ಹೇಳ್ತೀನಿ.

2024ರ ದಸರಾ ಹೊತ್ತಿಗೆ ನಾನು ಎರಡನೇ ವರ್ಷದಲ್ಲಿದ್ದೆ, ಮೂರನೇ ಸೆಮಿಸ್ಟರ್. ಕೆಮ್ಮು ಶುರುವಾಯಿತು. ಮೆಡಿಕಲ್ ಶಾಪಿನ ಸಿರಪ್ ಕುಡಿದೆ. ಆರ್‌ಎಂಪಿ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಂಡೆ. ಸಾಯಂಕಾಲ ಆದರೆ ಜ್ವರ, ರಾತ್ರಿ ಬೆವರು. ದೀಪಾವಳಿಗೆ ಊರಿಗೆ ಹೋದಾಗ ಆಶಾ ಅಕ್ಕ ನನ್ನನ್ನು ನೋಡಿ, "ಎರಡು ವಾರದ ಮೇಲೆ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಬೇಕವ್ವ, ಸುಮ್ಮನಿರಬ್ಯಾಡ" ಅಂದಳು. ತಾನೇ ಆಸ್ಪತ್ರೆಗೆ ಕರಕೊಂಡು ಹೋದಳು. ಟಿ.ಬಿ. ಅಂತ ಬಂತು. ನನ್ನ ತೂಕ 38 ಕಿಲೋ ಇತ್ತು.

ಟಿ.ಬಿ. ಅನ್ನುವ ಮಾತು ಕೇಳಿದ ಕೂಡಲೇ ಅವ್ವ ಮೊದಲು ಹೇಳಿದ್ದು, "ಯಾರಿಗೂ ಹೇಳಬ್ಯಾಡ" ಅಂತ. ಅವಳಿಗೆ ನನ್ನ ಮದುವೆ ಚಿಂತೆ. ಅವಳನ್ನು ತಪ್ಪು ಅನ್ನೋದಿಲ್ಲ. ಊರು ಹಂಗೈತಿ. ಆದರೆ ಕಾಯಿಲೆ ಬಚ್ಚಿಟ್ಟರೆ ಕಾಗದ ಹುಟ್ಟೋದಿಲ್ಲ, ಕಾಗದ ಇಲ್ಲದಿದ್ದರೆ ರಜೆ ಇಲ್ಲ.

ಈ ಕಾಯಿಲೆ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕಂದ್ರೆ ಭಯ ಇರೋದು ತಿಳಿಯದ ಕಡೆ. ಟಿ.ಬಿ. ಶಾಪ ಅಲ್ಲ, ವಂಶದ್ದಲ್ಲ. ಅದು ಒಂದು ಕ್ರಿಮಿಯಿಂದ ಬರುತ್ತದೆ ಎಂದು ರಾಬರ್ಟ್ ಕೋಚ್ ಅನ್ನುವ ಜರ್ಮನ್ ವೈದ್ಯರು 1882ರ ಮಾರ್ಚ್ 24ರಂದೇ ತೋರಿಸಿಕೊಟ್ಟರು. ಸಾಮಾನ್ಯ ಟಿ.ಬಿ.ಗೆ ಆರು ತಿಂಗಳ ಮಾತ್ರೆ. ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಔಷಧ. ತೂಕ ನೋಡಿ ಮಾತ್ರೆ ಕೊಡ್ತಾರ, ನನಗೆ ದಿನಕ್ಕೆ ಮೂರು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಊಟಕ್ಕಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕ್ ಖಾತೆಗೆ ಹಾಕ್ತಿದ್ದರು, 2024ರ ನವೆಂಬರ್‌ನಿಂದ ಅದು 1000 ಆಗಿದೆ. ಮಾತ್ರೆ ಶುರು ಮಾಡಿದ ಮೇಲೆ ಮೂತ್ರ ಕೆಂಪಗೆ ಬರುತ್ತದೆ. ಅದನ್ನು ನೋಡಿ ರಕ್ತ ಅಂತ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಅದು ಮಾತ್ರೆಯ ಬಣ್ಣ ಅಷ್ಟೇ. ಎರಡು ತಿಂಗಳಿಗೆ ಹಗುರ ಅನಿಸ್ತದ, ಆದರೂ ಆರು ತಿಂಗಳು ಮುಗಿಸಲೇಬೇಕು. ನಡುವೆ ಬಿಟ್ಟರೆ ಕ್ರಿಮಿ ಮಾತ್ರೆಗೆ ಬಗ್ಗದಂಗ ಆಗುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ನನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟರು. ಆ ಲೋಟ ನೋಡಿದಾಗ ನನಗೆ ನಮ್ಮ ಅಜ್ಜ ಹೇಳ್ತಿದ್ದ ಹೋಟೆಲಿನ ಲೋಟ ನೆನಪಿಗೆ ಬಂತು. ನಮಗಂತ ಹೊರಗೆ ಗೂಡಿನಲ್ಲಿ ಬೇರೆ ಲೋಟ ಇಡ್ತಿದ್ದರಂತೆ, ಕುಡಿದು ನಾವೇ ತೊಳೆದು ಇಡಬೇಕಿತ್ತಂತೆ. ಅಂಥ ಲೋಟದ ವಿರುದ್ಧ ಹೋರಾಟ ಮಾಡಿದ ಕೇರಿಯಲ್ಲಿ, ನಮ್ಮ ಮನೆಯೊಳಗೇ ಇನ್ನೊಂದು ಬೇರೆ ಲೋಟ ಬಂತು. ಆಶಾ ಅಕ್ಕ ಬಂದು ಅಜ್ಜಿಗೆ ಬಿಡಿಸಿ ಹೇಳಿದಳು: ಇದು ಕೆಮ್ಮಿದಾಗ ಗಾಳಿಯಿಂದ ಹರಡುತ್ತದೆ, ತಟ್ಟೆ ಲೋಟದಿಂದ ಅಲ್ಲ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಿಟಕಿ ಬಾಗಿಲು ತೆಗೆದಿಡಬೇಕು, ಮಾತ್ರೆ ಸರಿಯಾಗಿ ನುಂಗಿದರೆ ಕೆಲವು ವಾರದಲ್ಲಿ ಹರಡೋದು ನಿಲ್ಲುತ್ತದೆ. ಅವತ್ತೇ ಅಜ್ಜಿ ಆ ಲೋಟ ತೆಗೆದಿಟ್ಟಳು.

ಈಗ ಕಾಲೇಜಿನ ಕತೆ. ನಮ್ಮ ಕಡೆ ಡಿಗ್ರಿಯಲ್ಲಿ ನೂರಕ್ಕೆ 75 ಹಾಜರಿ ಬೇಕು. ಫೀಸಿನ ಹಣ ಸರ್ಕಾರದಿಂದ ಬರಬೇಕಾದರೂ ಹಾಜರಿ ನೋಡ್ತಾರ. ಸ್ವಲ್ಪ ಕಡಿಮೆ ಬಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು, ಕಂಡೊನೇಷನ್ ಫೀಸು ಕಟ್ಟಿ ಪರೀಕ್ಷೆಗೆ ಕೂಡ್ರಬಹುದು. ಬಹಳ ಕಡಿಮೆ ಆದರೆ ಆ ಸೆಮಿಸ್ಟರ್ ಮತ್ತೆ ಓದಬೇಕು. ನನ್ನದು ಎರಡನೇ ತರಹದ್ದು. ಅಪ್ಪ ಕಾಲೇಜಿನ ಆಫೀಸಿಗೆ ಹೋಗಿ ಕೇಳಿದರೆ ಅಲ್ಲಿದ್ದವರು, "ಟಿ.ಸಿ. ತೊಗೊಂಡು ಹೋಗ್ರಿ, ಆರಾಮಾದ ಮೇಲೆ ನೋಡೋಣ" ಅಂದರು. ಅಪ್ಪನಿಗೆ ಅದು ದೊಡ್ಡ ಉಪಕಾರ ಅನಿಸಿತು. ಟಿ.ಸಿ. ಕೈಗೆ ಬಂದರೆ ಎಲ್ಲಾದರೂ ಸೇರಿಸಬಹುದು ಅಂದುಕೊಂಡ.

ನಮ್ಮ ಪುಣ್ಯಕ್ಕೆ ಒಬ್ಬ ಲೆಕ್ಚರರ್ ಮೇಡಂ ವರಾಂಡದಲ್ಲಿ ಅಪ್ಪನನ್ನು ನೋಡಿ ಏನು ಅಂತ ವಿಚಾರಿಸಿದರು. ಅವರು ಹೇಳಿದ ಮಾತನ್ನು ಇಲ್ಲಿರುವ ಪ್ರತಿಯೊಬ್ಬ ತಂದೆ ತಾಯಿ ನೆನಪಿಟ್ಟುಕೊಳ್ಳಬೇಕು. "ಟಿ.ಸಿ. ತೊಗೋಬ್ಯಾಡ್ರಿ. ಟಿ.ಸಿ. ತೊಗೊಂಡರೆ ಹುಡುಗಿ ಕಾಲೇಜು ಬಿಟ್ಟಂಗೆ. ರಜೆ ಅರ್ಜಿ ಕೊಟ್ಟರೆ ಹುಡುಗಿ ಕಾಲೇಜಿನಲ್ಲೇ ಇದ್ದಂಗೆ." ಎರಡೂ ಕಾಗದವೇ. ಒಂದು ಬಾಗಿಲು ಹಾಕುತ್ತದೆ, ಇನ್ನೊಂದು ಬಾಗಿಲು ತೆಗೆದಿಡುತ್ತದೆ.

ಅರ್ಜಿ ಬರೆಯೋದೇ ಕಷ್ಟ ಆಯಿತು. ಅಪ್ಪನಿಗೆ ಕನ್ನಡದಲ್ಲಿ ಸಹಿ ಬರುತ್ತದೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ಆಫೀಸಿನವರು ಮಾತಾಡೋದು ತೆಲುಗಿನಲ್ಲಿ. ನನಗೆ ಕೂಡ್ರಲು ಶಕ್ತಿ ಇರಲಿಲ್ಲ. ಕೊನೆಗೆ ನನ್ನ ಕ್ಲಾಸಿನ ಗೆಳತಿ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಅದರಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಕನ್ನಡದಲ್ಲಿ ಹೇಳಿದರೆ ಇಷ್ಟೇ:

"ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ನನ್ನ ರೋಲ್ ನಂಬರ್ ಇಂಥದ್ದು. ಅನಾರೋಗ್ಯದಿಂದ ಇಂಥ ತಾರೀಖಿನಿಂದ ಚಿಕಿತ್ಸೆಯಲ್ಲಿದ್ದೇನೆ. ಆರು ತಿಂಗಳು ಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದ್ದಾರೆ. ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ನನಗೆ ವೈದ್ಯಕೀಯ ರಜೆ ಕೊಟ್ಟು, ವಾಸಿಯಾದ ಮೇಲೆ ಇದೇ ಸೆಮಿಸ್ಟರಿಗೆ ಮರಳಿ ಸೇರಲು ಅವಕಾಶ ಕೊಡಬೇಕೆಂದು ಕೋರುತ್ತೇನೆ."

ಈ ಕೊನೆಯ ವಾಕ್ಯ ಬಹಳ ಮುಖ್ಯ. ಬರೀ ರಜೆ ಕೇಳಿದರೆ ಸಾಲದು, ಮರಳಿ ಬರ್ತೀನಿ ಅಂತ ಬರೆದಿರಬೇಕು. ಎರಡು ಪ್ರತಿ ಮಾಡಬೇಕು. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆಫೀಸಿನ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಇರುವವರು ಹಾಸ್ಟೆಲಿಗೂ ಬೇರೆ ಅರ್ಜಿ ಕೊಡಬೇಕು. ಕಾಯಿಲೆ ಹೆಸರು ಇಡೀ ಕ್ಲಾಸಿಗೆ ಗೊತ್ತಾಗಬೇಕಾಗಿಲ್ಲ. ಸರ್ಟಿಫಿಕೇಟನ್ನು ಕವರಿನಲ್ಲಿ ಹಾಕಿ ಪ್ರಿನ್ಸಿಪಾಲರ ಕೈಗೆ ಕೊಡಬಹುದು. ಅವ್ವನ ಭಯಕ್ಕೆ ಇದೇ ಉತ್ತರ ಆಯಿತು.

ಆರು ತಿಂಗಳು ಮನೆಯಲ್ಲಿ ಇದ್ದೆ. ಆ ವರ್ಷ ಅವ್ವ ಗುಂಟೂರಿಗೆ ಹೋಗಲಿಲ್ಲ. ಸುಗ್ಗಿ ದುಡ್ಡು ಬರಲಿಲ್ಲ, ಅಪ್ಪ ಸಾಲ ಮಾಡಿದ. ಮಾತ್ರೆ ಪುಕ್ಕಟೆ ಅಂತ ನಾವು ಹೇಳ್ತೀವಿ, ಆದರೆ ಕಾಯಿಲೆ ಪುಕ್ಕಟೆ ಅಲ್ಲ. ಊಟ ಬೇಕು. ಜಾರ್ಖಂಡ್ ರಾಜ್ಯದಲ್ಲಿ ಟಿ.ಬಿ. ರೋಗಿಗಳ ಮನೆಗಳಿಗೆ ರೇಷನ್ ಕೊಟ್ಟು ಮಾಡಿದ ಒಂದು ದೊಡ್ಡ ಅಧ್ಯಯನ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಅದನ್ನು ಮುಂದೆ ನಿಂತು ಮಾಡಿದವರು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ. ಮನೆ ಮಂದಿಗೆಲ್ಲ ಸರಿಯಾದ ಆಹಾರ ಸಿಕ್ಕರೆ ಆ ಮನೆಯ ಉಳಿದವರಿಗೆ ಟಿ.ಬಿ. ಬರೋದು ನೂರಕ್ಕೆ 39ರಿಂದ 48ರಷ್ಟು ಕಡಿಮೆ ಆಗುತ್ತದೆ ಅಂತ ಅದರಲ್ಲಿ ಕಂಡುಬಂತು. ಅಂದರೆ ಕಾಳು, ಬೇಳೆ, ಅಕ್ಕಿ, ಎಣ್ಣೆ ಇವೂ ಔಷಧವೇ. ನನಗೆ ಪಕ್ಕದ ಮನೆ ದೊಡ್ಡಮ್ಮ ದಿನಾ ಒಂದು ಮೊಟ್ಟೆ ಕಳಿಸ್ತಿದ್ದಳು. ಮೇ ತಿಂಗಳಲ್ಲಿ ಮಾತ್ರೆ ಮುಗಿದಾಗ ನನ್ನ ತೂಕ 45 ಕಿಲೋ.

ಮರಳಿ ಹೋದದ್ದು ಸಿನಿಮಾದ ಹಾಗೆ ಇರಲಿಲ್ಲ. ಡಾಕ್ಟರ ಫಿಟ್‌ನೆಸ್ ಸರ್ಟಿಫಿಕೇಟ್ ತೊಗೊಂಡು ಹೋದೆ. ಆಫೀಸಿನಲ್ಲಿ ನನ್ನ ಅರ್ಜಿ ಸಿಗಲಿಲ್ಲ. "ನೀನು ಬಿಟ್ಟು ಹೋಗಿದ್ದಿ ಅಲ್ಲ?" ಅಂದರು. ಸೀಲು ಬಿದ್ದ ನನ್ನ ಪ್ರತಿ ತೆಗೆದು ಟೇಬಲ್ ಮೇಲೆ ಇಟ್ಟೆ. ಆಮೇಲೆ ಮಾತಾಡುವ ಧಾಟಿ ಬದಲಾಯಿತು. ನಾಲ್ಕು ಸಲ ಓಡಾಡಿದ ಮೇಲೆ ಮೂರನೇ ಸೆಮಿಸ್ಟರಿಗೆ ಮತ್ತೆ ಸೇರಿಸಿಕೊಂಡರು. ನನ್ನ ಜೊತೆಯವರು ಮುಂದಿನ ವರ್ಷಕ್ಕೆ ಹೋಗಿದ್ದರು. ಜೂನಿಯರ್‌ಗಳು ಮೊದಲ ವಾರ ನನ್ನನ್ನು "ಅಕ್ಕಾ" ಅಂತ ಕರೆದು ಎದ್ದು ನಿಲ್ತಿದ್ದರು. ಎರಡನೇ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಓದಿದ್ದು ತಲೆಯಲ್ಲಿ ನಿಲ್ತಿರಲಿಲ್ಲ. ದಿನಕ್ಕೆ ಅರ್ಧ ತಾಸು, ಆಮೇಲೆ ಒಂದು ತಾಸು, ಹಂಗ ಹೆಚ್ಚು ಮಾಡಿಕೊಂಡೆ. ಆ ಸೆಮಿಸ್ಟರ್ ಎಲ್ಲ ಪೇಪರ್ ಪಾಸಾದೆ. ರಜೆ ವರ್ಷದ ಫೀಸಿನ ಹಣ ಇನ್ನೂ ಬಂದಿಲ್ಲ. ಅದಕ್ಕೆ ಅರ್ಜಿ ಹಾಕಿದ್ದೀನಿ, ಓಡಾಟ ನಡೆದಿದೆ.

ಈಗ ಇನ್ನೊಬ್ಬಳ ವಿಷಯ ಹೇಳಬೇಕು. ಹೆಸರು ಹೇಳೋದಿಲ್ಲ. ನಮ್ಮ ಓಣಿಯವಳೇ. ಶಾಲೆಯಲ್ಲಿ ನನಗಿಂತ ಜಾಣೆ. ಇಂಟರ್ ಎರಡನೇ ವರ್ಷದಲ್ಲಿ ರಕ್ತ ಕಡಿಮೆಯಾಗಿ ತಲೆ ತಿರುಗಿ ಬೀಳ್ತಿದ್ದಳು. ಮನೆಯವರು ಎರಡು ತಿಂಗಳು ಮನೆಯಲ್ಲಿ ಇಟ್ಟುಕೊಂಡರು. ಅರ್ಜಿ ಕೊಡಬೇಕು ಅಂತ ಅವರಿಗೆ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಸುಗ್ಗಿ ಬಂತು, ಎಲ್ಲರೂ ಗುಂಟೂರಿಗೆ ಹೋದರು, ಅವಳೂ ಹೋದಳು. ಬಂದು ಕೇಳಿದರೆ ಕಾಲೇಜಿನಲ್ಲಿ ಹೆಸರಿಲ್ಲ. ಮರು ವರ್ಷ ಮದುವೆ. ಅವಳಿಗೆ ಬಂದಿದ್ದ ಕಾಯಿಲೆ ನನ್ನದಕ್ಕಿಂತ ಸಣ್ಣದು, ಕಬ್ಬಿಣದ ಮಾತ್ರೆ ಮತ್ತು ಊಟದಿಂದ ವಾಸಿಯಾಗುವಂಥದ್ದು. ನಾನು ಇವತ್ತು ಈ ಮೈಕ್ ಮುಂದೆ ನಿಂತಿದ್ದೀನಿ, ಅವಳು ಇಲ್ಲಿಲ್ಲ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಜಾಣತನ ಅಲ್ಲ, ಧೈರ್ಯ ಅಲ್ಲ. ಸೀಲು ಬಿದ್ದ ಒಂದು ಹಾಳೆ, ಮತ್ತು ವರಾಂಡದಲ್ಲಿ ಸಿಕ್ಕ ಒಬ್ಬ ಮೇಡಂ.

ಓದು ನಡುವೆ ನಿಂತರೆ ಮುಗಿದಂಗೆ ಅನ್ನುವವರಿಗೆ ಬಾಬಾಸಾಹೇಬರ ಜೀವನ ನೆನಪು ಮಾಡಿಕೊಡ್ತೀನಿ. ನಾವು ಅವರ ಡಿಗ್ರಿಗಳನ್ನು ಎಣಿಸ್ತೀವಿ, ಆ ಡಿಗ್ರಿಗಳ ನಡುವೆ ಓದು ನಿಂತದ್ದನ್ನು ಎಣಿಸೋದಿಲ್ಲ. 1916ರಲ್ಲಿ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ ಅವಧಿ ಮುಗಿದದ್ದರಿಂದ 1917ರಲ್ಲಿ ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಅದು ಕಾಯಿಲೆಯಿಂದ ಅಲ್ಲ, ದುಡ್ಡಿನಿಂದ. ಆದರೆ ಅವರು ಸುಮ್ಮನೆ ಹಡಗು ಹತ್ತಲಿಲ್ಲ. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಅನುಮತಿ ಪಡೆದುಕೊಂಡೇ ಹೊರಟರು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಸಿದರು, ಕೊಲ್ಹಾಪುರದ ಶಾಹೂ ಮಹಾರಾಜರ ನೆರವೂ ಸಿಕ್ಕಿತು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಆ ಅನುಮತಿಯ ಕಾಗದ ಇಲ್ಲದಿದ್ದರೆ ಏನಾಗುತ್ತಿತ್ತು ಯೋಚನೆ ಮಾಡ್ರಿ.

ಪರಿಶಿಷ್ಟ ಜಾತಿ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಸದಸ್ಯರಾಗಿದ್ದ ಕಾಲದಲ್ಲಿ. ಆ ಯೋಜನೆಯ ನಿಯಮಗಳಲ್ಲಿ ಒಂದು ಮಾತು ಬರೆದುಕೊಂಡು ಬಂದಿದ್ದಾರೆ. ಕಾಯಿಲೆಯಿಂದ ವಾರ್ಷಿಕ ಪರೀಕ್ಷೆ ಬರೆಯಲು ಆಗದಿದ್ದರೆ, ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು, "ಪರೀಕ್ಷೆ ಬರೆದಿದ್ದರೆ ಈ ವಿದ್ಯಾರ್ಥಿ ಪಾಸಾಗುತ್ತಿದ್ದ" ಎಂದು ಸಂಸ್ಥೆಯ ಮುಖ್ಯಸ್ಥರು ದೃಢಪಡಿಸಿದರೆ, ಮುಂದಿನ ವರ್ಷಕ್ಕೆ ಸ್ಕಾಲರ್‌ಶಿಪ್ ನವೀಕರಿಸಬಹುದು. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿತ್ತು? ಯುಜಿಸಿ 2022ರಲ್ಲಿ ತಂದ ಪದವಿ ಚೌಕಟ್ಟಿನಲ್ಲೂ, ಮೊದಲ ವರ್ಷ ಮುಗಿಸಿ ಹೊರಬಂದವರು ಮೂರು ವರ್ಷದೊಳಗೆ ಮರಳಿ ಸೇರಬಹುದು, ಏಳು ವರ್ಷದೊಳಗೆ ಡಿಗ್ರಿ ಮುಗಿಸಬಹುದು ಅಂತ ಇದೆ. ಆಫೀಸಿನಲ್ಲಿ ಇವನ್ನು ಯಾರೂ ಕರೆದು ಹೇಳೋದಿಲ್ಲ. ನಾವೇ ಕೇಳಬೇಕು. ಕೇಳೋದು ಬೇಡೋದಲ್ಲ.

ಅದಕ್ಕೆ ನಮ್ಮ ಸಂಘದ ಮುಂದೆ ಕೆಲವು ಮಾತು ಇಡ್ತೀನಿ.

ಮೊದಲನೆಯದು, ರಜೆ ಅರ್ಜಿಯ ನಮೂನೆಯನ್ನು ಕನ್ನಡ, ತೆಲುಗು, ಇಂಗ್ಲಿಷ್ ಮೂರರಲ್ಲೂ ಬರೆದು ಸಂಘದ ಕೋಣೆಯಲ್ಲಿ ಇಡೋಣ. ಹೆಸರು, ತಾರೀಖು ತುಂಬಿದರೆ ಸಾಕು ಅನ್ನುವಂತೆ ಇರಲಿ.

ಎರಡನೆಯದು, ಕಾಯಿಲೆ ಬಿದ್ದ ವಿದ್ಯಾರ್ಥಿಯ ತಂದೆ ತಾಯಿ ಒಬ್ಬರೇ ಆಫೀಸಿಗೆ ಹೋಗಬಾರದು. ಓದು ಬಲ್ಲ ಒಬ್ಬರು ಜೊತೆಗೆ ಹೋಗಬೇಕು. ನಮ್ಮಪ್ಪನಿಗೆ ಮೇಡಂ ಸಿಕ್ಕರು. ಎಲ್ಲ ಅಪ್ಪಂದಿರಿಗೂ ವರಾಂಡದಲ್ಲಿ ಮೇಡಂ ಸಿಗೋದಿಲ್ಲ.

ಮೂರನೆಯದು, ಮನೆಯಲ್ಲಿ ಮಲಗಿದವರಿಗೆ ನೋಟ್ಸು, ಒಂದು ಫೋನು, ವಾರಕ್ಕೊಮ್ಮೆ ಒಂದು ಭೇಟಿ. ನನ್ನ ಗೆಳತಿ ಪ್ರತಿ ಭಾನುವಾರ ಫೋನ್ ಮಾಡಿ ಆ ವಾರ ಏನು ಪಾಠ ಆಯಿತು ಅಂತ ಹೇಳ್ತಿದ್ದಳು. ಅರ್ಧ ನನಗೆ ತಿಳೀತಿರಲಿಲ್ಲ. ಆದರೆ ನಾನು ಇನ್ನೂ ಕಾಲೇಜಿನವಳೇ ಅನ್ನೋದು ತಿಳೀತಿತ್ತು.

ನಾಲ್ಕನೆಯದು, ಊಟ. ಬಾಬಾಸಾಹೇಬರ ಜಯಂತಿಗೆ ಚಂದಾ ಎತ್ತುತ್ತೀವಿ, ಸಂತೋಷ. ಅದರಲ್ಲಿ ಒಂದು ಪಾಲನ್ನು ಕಾಯಿಲೆ ಬಿದ್ದ ವಿದ್ಯಾರ್ಥಿಯ ಮೊಟ್ಟೆ, ಬೇಳೆ, ಶೇಂಗಾಕ್ಕೆ ತೆಗೆದಿಡೋಣ.

ಐದನೆಯದು, ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ನಿದ್ದೆ ಇಲ್ಲದೆ, ಯಾರ ಜೊತೆಗೂ ಮಾತಿಲ್ಲದೆ ಹಾಸ್ಟೆಲಿನ ಮೂಲೆಯಲ್ಲಿ ಕುಂತ ಹುಡುಗನಿಗೆ "ಸೋಮಾರಿ" ಅನ್ನಬ್ಯಾಡ್ರಿ. 14416 ಅನ್ನುವ ಟೆಲಿ ಮಾನಸ್ ನಂಬರಿಗೆ ಫೋನ್ ಮಾಡಬಹುದು, ದುಡ್ಡು ಬೀಳೋದಿಲ್ಲ. ಅವನಿಗೂ ಡಾಕ್ಟರ್ ಬೇಕು, ಸರ್ಟಿಫಿಕೇಟ್ ಬೇಕು, ರಜೆ ಬೇಕು, ಮರಳಿ ಬರುವ ಬಾಗಿಲು ಬೇಕು.

ಆದೋನಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಅಂತ 2021ರಲ್ಲಿ ಅಡಿಗಲ್ಲು ಹಾಕಿದರು. ಅದು ಬಡವರ ಆಸ್ಪತ್ರೆಯಾಗಿ ಬರಲಿ ಅಂತ ನಾವೆಲ್ಲ ಕೇಳಬೇಕು, ಕೇಳ್ತಾ ಇರಬೇಕು. ಆದರೆ ಒಂದು ಹಾಳೆ ಬರೆಯೋದಕ್ಕೆ, ಒಂದು ಸೀಲು ಹಾಕಿಸೋದಕ್ಕೆ, ಒಂದು ಮೊಟ್ಟೆ ಕಳಿಸೋದಕ್ಕೆ ನಾವು ಯಾವ ಕಟ್ಟಡಕ್ಕೂ ಕಾಯಬೇಕಾಗಿಲ್ಲ.

ಮುಂದಿನ ವಾರ್ಷಿಕೋತ್ಸವಕ್ಕೆ ನಮ್ಮ ಸಂಘದ ವರದಿಯಲ್ಲಿ ಹೊಸದೊಂದು ಸಾಲು ಇರಬೇಕು ಅಂತ ನನ್ನ ಆಸೆ. ಈ ವರ್ಷ ಕಾಯಿಲೆಯಿಂದ ಇಷ್ಟು ಮಂದಿ ರಜೆ ಹಾಕಿದರು, ಅವರಲ್ಲಿ ಇಷ್ಟು ಮಂದಿ ಮರಳಿ ಕಾಲೇಜಿಗೆ ಹೋದರು ಅಂತ. ಎರಡೂ ಅಂಕಿ ಒಂದೇ ಆಗಿರಲಿ.